ಆಶೆಯೆಂಬ ನಿತ್ಯಕರ್ಮ

ಆಶೆಯ ವಿಷಯದಲ್ಲಿ ನಮ್ಮ ದೇಶದ ತತ್ತ್ವಜ್ಞರು ಬಹುಮಟ್ಟಿಗೆ ಒಂದೇ ಅಭಿಪ್ರಾಯದವರು. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನೊಬ್ಬನು ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಮಂದಿ ಗುರುಗಳನ್ನು ಹೆಸರಿಸುತ್ತ, ಭೂಮಿ ವಾಯು ಸಮುದ್ರಗಳ ಸಾಲಿನಲ್ಲಿಯೇ ವಿದೇಹನಗರದ ಪಿಂಗಳೆಯೆಂಬ ವೇಶ್ಯೆಯನ್ನೂ ಸೇರಿಸುತ್ತಾನೆ. ಆಕೆ ಒಂದು ಇರುಳು ಸಿಂಗರಿಸಿಕೊಂಡು ಬಾಗಿಲಲ್ಲಿ ನಿಂತು, ದಾರಿಯಲ್ಲಿ ನಡೆದುಹೋಗುವ ಒಬ್ಬೊಬ್ಬನನ್ನೂ ಇವನೇ ಹಣವಂತನಿರಬೇಕು, ಇವನೇ ಒಳಗೆ ಬರುವವನಿರಬೇಕು ಎಂದೆಣಿಸುತ್ತ, ಒಳಹೊಕ್ಕು ಹೊರಬಂದು ನಡುರಾತ್ರಿಯವರೆಗೆ ಕಾದು, ಯಾರೂ ಬಾರದಿರಲು ಆ ಬೇಸರದಲ್ಲಿಯೇ ವೈರಾಗ್ಯ ಹುಟ್ಟಿ, ಆಶೆಯನ್ನು ಕಡಿದೊಗೆದು ಸುಖವಾಗಿ ನಿದ್ರಿಸಿದಳಂತೆ. ಭರ್ತೃಹರಿಯು ವೈರಾಗ್ಯಶತಕದಲ್ಲಿ ಆಶೆಯನ್ನು ದಾಟಲು ದುಸ್ತರವಾದ ನದಿಯಾಗಿ ಕಂಡನು. ಬುದ್ಧನು ದುಃಖದ ಮೂಲವನ್ನು ಅರಸುತ್ತ ಹೋಗಿ ತೃಷ್ಣೆಯ ಬಳಿ ನಿಂತನು. ಗೀತೆಯು ಕರ್ಮವನ್ನು ಮಾಡೆಂದು ಹೇಳುವಾಗ ಆಶೆಯನ್ನು ತೊರೆದು ಮಾಡೆಂದು ಮತ್ತೆಮತ್ತೆ ಎಚ್ಚರಿಸುತ್ತದೆ.

ಈ ಮಹನೀಯರ ಉಪದೇಶವನ್ನು ಅಲ್ಲಗಳೆಯುವ ಯೋಗ್ಯತೆ ನನ್ನದಲ್ಲ. ಆದರೆ ಆ ಉಪದೇಶದ ಅಂಕೆಗೆ ಸುಲಭವಾಗಿ ಒಳಪಡದ ಒಂದು ಆಶೆಯನ್ನು ನಾನು ಬೆಂಗಳೂರಿನ ಹೊರವಲಯದಲ್ಲಿ ವರ್ಷವರ್ಷವೂ ಕಾಣುತ್ತ ಬಂದಿದ್ದೇನೆ. ಫಾಲ್ಗುಣ ಮುಗಿದು ಚೈತ್ರ ಸಮೀಪಿಸಿ, ಹೊಂಗೆಯ ಮರಗಳು ಚಿಗುರಿ, ಬೇವು ಹೂಬಿಡುವ ಹೊತ್ತಿಗೆ ಸರಿಯಾಗಿ, ಪೀಣ್ಯದ ಲೇತ್ ಶಾಪುಗಳಲ್ಲಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಕ್ಯಾಂಟೀನುಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯಿಂದ ಬೊಮ್ಮಸಂದ್ರದವರೆಗೆ ಹಬ್ಬಿರುವ ಪಿ.ಜಿ.ಗಳ ಮಹಡಿಗಳಲ್ಲಿ, ಹಿಂದಿನ ವರ್ಷ ಸೋಲನ್ನು ಕಂಡು ಊಟಬಿಟ್ಟಿದ್ದ ಅದೇ ಜನ, ಮಡಿಸಿಟ್ಟಿದ್ದ ಅದೇ ಕೆಂಪು ಅಂಗಿಯನ್ನು ಹೊರತೆಗೆದು, ಈ ಸಲ ಕಪ್ ನಮ್ದೇ ಎಂದು ಕಿಂಚಿತ್ತೂ ಕುಂದದ ದೃಢತೆಯಿಂದ ಹೇಳುತ್ತಾರೆ. 2008ರಿಂದ 2024ರವರೆಗಿನ ಹದಿನೇಳು ಋತುಗಳಲ್ಲಿ ರಾಯಲ್ ಚಾಲೆಂಜರ್ಸ್‌ನ ಪುರುಷರ ತಂಡ ಐ.ಪಿ.ಎಲ್. ಕಪ್ಪನ್ನು ಒಮ್ಮೆಯೂ ಗೆಲ್ಲಲಿಲ್ಲ. ಹದಿನೇಳು ಸಲ ಸುಳ್ಳಾದ ನಿರೀಕ್ಷೆಯನ್ನು ಹದಿನೆಂಟನೆಯ ಸಲವೂ ತಾಳುವ ಈ ಮನೋಧರ್ಮ ಯಾವ ಜಾತಿಯದು? ಪಿಂಗಳೆಯು ಬಾಗಿಲಲ್ಲಿ ನಿಂತು ಬೇಯುತ್ತಿದ್ದ ಆ ಆಶೆಯೇ ಇದೂ ಆಗಿದ್ದರೆ, ಇಷ್ಟು ಸೋಲುಗಳ ಮೇಲಾದರೂ ಈ ಜನಕ್ಕೆ ವೈರಾಗ್ಯ ಬಂದು ನಿದ್ರೆ ಹತ್ತಬೇಕಾಗಿತ್ತು. ಬರಲಿಲ್ಲ. ಆದುದರಿಂದ ಇದನ್ನು ಬೇರೆಯಾಗಿಯೇ ವಿಚಾರಿಸಬೇಕೆಂದು ನನಗೆ ತೋರುತ್ತದೆ.

ಆ ಸೋಲುಗಳಾದರೂ ಸಾಮಾನ್ಯವಾದವುಗಳಲ್ಲ. 2008ರ ಏಪ್ರಿಲ್ 18ರಂದು ಈ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ ನಡೆದುದೇ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅಂದು ರಾಹುಲ್ ದ್ರಾವಿಡರ ನಾಯಕತ್ವದ ನಮ್ಮ ತಂಡದ ಎದುರು ಕೋಲ್ಕತ್ತದ ಪರವಾಗಿ ಬ್ರೆಂಡನ್ ಮೆಕಲಮ್ ಒಬ್ಬನೇ 158 ರನ್ನು ಹೊಡೆದು ಅಜೇಯನಾಗಿ ಉಳಿದ. ನಮ್ಮವರೆಲ್ಲರೂ ಕೂಡಿ ಗಳಿಸಿದ್ದು 82. ಮರುವರ್ಷ ಜೋಹಾನೆಸ್‌ಬರ್ಗ್‌ನ ಅಂತಿಮ ಪಂದ್ಯದಲ್ಲಿ ಅನಿಲ್ ಕುಂಬ್ಳೆಯವರು ನಾಯಕರಾಗಿ ತಾವೇ ನಾಲ್ಕು ವಿಕೆಟ್ಟುಗಳನ್ನು ಕೇವಲ 16 ರನ್ನು ಕೊಟ್ಟು ಪಡೆದಿದ್ದರೂ ಹೈದರಾಬಾದಿನ ತಂಡಕ್ಕೆ ಆರು ರನ್ನುಗಳಿಂದ ಸೋಲಬೇಕಾಯಿತು. 2011ರಲ್ಲಿ ಚೆನ್ನೈಯಲ್ಲಿ ಮತ್ತೊಂದು ಅಂತಿಮ ಪಂದ್ಯ, ಮತ್ತೊಂದು ಸೋಲು. ಎಲ್ಲಕ್ಕಿಂತ ಕಠಿನವಾದುದು 2016ರದು: ಆ ಋತುವಿನಲ್ಲಿ ವಿರಾಟ್ ಕೊಹ್ಲಿ 973 ರನ್ನು ಗಳಿಸಿದ್ದರು, ಅಂತಿಮ ಪಂದ್ಯ ನಮ್ಮೂರಿನಲ್ಲಿಯೇ ನಡೆಯಿತು, 209ರ ಗುರಿಯನ್ನು ಬೆನ್ನಟ್ಟಿ ಮೊದಲ ವಿಕೆಟ್ಟಿಗೇ ನೂರಕ್ಕೂ ಮಿಕ್ಕಿ ಸೇರಿಸಿದ ಮೇಲೆ ಎಂಟು ರನ್ನುಗಳಿಂದ ಪಂದ್ಯ ಕೈತಪ್ಪಿತು. ಮುಂದಿನ ವರ್ಷ ಕೋಲ್ಕತ್ತದಲ್ಲಿ 49ಕ್ಕೆ ಎಲ್ಲರೂ ಔಟಾದರು. ನಾಲ್ಕು ವರ್ಷಗಳ ಹಿಂದೆ ಅದೇ ಏಪ್ರಿಲ್ 23ರಂದು ಕ್ರಿಸ್ ಗೇಲ್ ಒಬ್ಬರೇ ಈ ತಂಡಕ್ಕಾಗಿ 175 ಹೊಡೆದಿದ್ದರೆಂಬುದನ್ನು ನೆನೆದರೆ, ಒಂದೇ ತಿಥಿಯು ಒಂದೇ ಭಕ್ತನಿಗೆ ಎಂತೆಂತಹ ಮುಖಗಳನ್ನು ತೋರಬಲ್ಲುದೆಂದು ವಿಸ್ಮಯವಾಗುತ್ತದೆ. ಮಧ್ಯೆ ಚೆನ್ನೈಯೂ ಮುಂಬಯಿಯೂ ಐದೈದು ಸಲ ಕಪ್ಪನ್ನು ಎತ್ತಿದ್ದವು. ನಿಷ್ಠೆಯನ್ನು ಬದಲಾಯಿಸಲು ಇಲ್ಲಿ ಯಾವ ಶುಲ್ಕವೂ ಇಲ್ಲ, ಯಾವ ಪ್ರಾಯಶ್ಚಿತ್ತವೂ ಇಲ್ಲ. ಹಳದಿ ಅಂಗಿಯೊಂದನ್ನು ಕೊಂಡರೆ ಮುಗಿಯಿತು. ಆದರೂ ಇವರು ಬದಲಾಗಲಿಲ್ಲ. ಪಿಂಗಳೆಗೆ ಬರುವವನು ಯಾರಾದರೂ ಆದೀತು. ಇವರಿಗೆ ಬೇರೆ ಯಾರೂ ಸಲ್ಲರು. ಮತಂಗಾಶ್ರಮದಲ್ಲಿ ಮುಪ್ಪಾಗುವವರೆಗೆ ಒಬ್ಬನಿಗಾಗಿಯೇ ಕಾದ ಶಬರಿಯ ಕಡೆಗೆ ಈ ಆಶೆ ಹೆಚ್ಚು ವಾಲುತ್ತದೆ.

ಪೀಣ್ಯದ ಎರಡನೆಯ ಹಂತದಲ್ಲಿ ನನಗೆ ಬಹುದಿನಗಳಿಂದ ಪರಿಚಯವಿರುವ ಒಂದು ಲೇತ್ ಶಾಪ್ ಉಂಟು. ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ, ನಾಲ್ವರು ಕೆಲಸಗಾರರು; ಮಾಲೀಕರು ತುಮಕೂರಿನ ಕಡೆಯಿಂದ ಹೆಲ್ಪರಾಗಿ ಬಂದು, ಸಾಲಸೋಲ ಮಾಡಿ ಸ್ವಂತ ಯಂತ್ರವನ್ನು ಹಾಕಿಕೊಂಡವರು. ಒಳಹೊಕ್ಕರೆ ಕೂಲಂಟಿನ ಹುಳಿವಾಸನೆ. ಲೇತಿನ ಹೆಡ್‌ಸ್ಟಾಕಿನ ಮೇಲೆ ಹೋದ ಆಯುಧಪೂಜೆಯ ಕುಂಕುಮದ ಗುರುತು ಎಣ್ಣೆಯಲ್ಲಿ ಅರೆಮಾಸಿ ಇನ್ನೂ ಉಳಿದಿರುತ್ತದೆ. ಸ್ವಿಚ್ ಬೋರ್ಡಿನ ಮೇಲ್ಗಡೆ ಧರ್ಮಸ್ಥಳದ ಮಂಜುನಾಥನ ಪಟ, ಅದರ ಪಕ್ಕದಲ್ಲಿ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಆ ವರ್ಷದ ಪಂದ್ಯಗಳ ವೇಳಾಪಟ್ಟಿ. ಒಂದು ಯುಗಾದಿಯ ಮರುದಿನ ಹೋಗಿದ್ದಾಗ ಅದನ್ನು ಹತ್ತಿರ ನಿಂತು ನೋಡಿದೆ. ಹಿಂದಿನ ವರ್ಷದ ಪಟ್ಟಿಯನ್ನು ಅವರು ಕೀಳುವುದಿಲ್ಲ. ಅದರ ಮೇಲೆಯೇ ಹೊಸದನ್ನು ಅಂಟಿಸುತ್ತಾರೆ. ಹೀಗೆ ವರ್ಷಗಳ ಮೇಲೆ ವರ್ಷಗಳು ಕೂಡಿ ಆ ಕಾಗದ ದಪ್ಪವಾಗಿ, ಅಂಚಿನಲ್ಲಿ ಪದರಗಳು ಬಿಚ್ಚಿಕೊಂಡು, ಯಾವುದೋ ಹಳೆಯ ಪದರದ ಮೂಲೆಯಲ್ಲಿ ಮಾರ್ಕರಿನಿಂದ ಬರೆದ 'ಸೋಲು, 8 ರನ್' ಎಂಬಷ್ಟು ಹೊರಗೆ ಕಾಣುತ್ತಿತ್ತು. ಗೆದ್ದರೆ ಬರಿಯ ಒಂದು ಸರಿ ಗುರುತು. ಸೋತರೆ ಎಷ್ಟರಿಂದ ಎಂಬುದನ್ನು ಬರೆದಿಡುವುದು ಅವರ ಪದ್ಧತಿ. ಹೊಸ ಪಟ್ಟಿಯ ಮೇಲೆ ಇನ್ನೂ ಏನೂ ಬರೆದಿರಲಿಲ್ಲ. ಅದರ ತುದಿಗೆ ಬೇವಿನ ಹೂವಿನ ಒಂದು ಗೊಂಚಲನ್ನು ಸಿಕ್ಕಿಸಿದ್ದರು.

ಪಂದ್ಯ ಶುರುವಾಗುವುದು ಸಂಜೆ ಏಳೂವರೆಗೆ, ಎರಡನೆಯ ಪಾಳಿ ಮುಗಿಯುವುದು ರಾತ್ರಿ ಹತ್ತಕ್ಕೆ. ಆದುದರಿಂದ ಫೋನನ್ನು ವರ್ನಿಯರ್ ಡಬ್ಬಿಗೆ ಒರಗಿಸಿ ನಿಲ್ಲಿಸಿರುತ್ತಾರೆ. ಯಂತ್ರದ ಸದ್ದಿನಲ್ಲಿ ಕೇಳಿಸದ ವೀಕ್ಷಕವಿವರಣೆಯನ್ನು ನಿಲ್ಲಿಸಿಬಿಟ್ಟಿರುತ್ತಾರೆ. ಫಿನಿಶಿಂಗ್ ಕಟ್ ನಡೆಯುವಾಗ ಕೊಹ್ಲಿಯೇ ಕ್ರೀಸಿನಲ್ಲಿದ್ದರೂ ಯಾರೂ ಕತ್ತೆತ್ತುವುದಿಲ್ಲ. ಮೇ ತಿಂಗಳು ಬಂತೆಂದರೆ ಜಾಬ್ ಕಾರ್ಡುಗಳ ಹಿಂಬದಿಯಲ್ಲಿ ನೆಟ್ ರನ್‌ರೇಟಿನ ಲೆಕ್ಕಾಚಾರ ಮೊದಲಾಗುತ್ತದೆ: ನಾವು ಗೆಲ್ಲಬೇಕು, ಇಂಥವರು ಇಂಥವರಿಗೆ ಸೋಲಬೇಕು, ಮತ್ತೊಂದು ಪಂದ್ಯ ಮಳೆಗೆ ಹೋಗಬೇಕು. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು ಪಟ್ಟಿಯ ತಳದಲ್ಲಿದ್ದ ತಂಡ ಮುಂದಿನ ಆರನ್ನೂ ಗೆದ್ದು, ಮೇ 18ರಂದು ಚೆನ್ನೈಯನ್ನು ಹದಿನೆಂಟು ರನ್ನುಗಳಿಂದಲಾದರೂ ಸೋಲಿಸಿದರೆ ಮಾತ್ರ ಮುಂದಕ್ಕೆ ಹೋಗಬಹುದೆಂಬ ಸ್ಥಿತಿಯಲ್ಲಿ ಇಪ್ಪತ್ತೇಳರಿಂದ ಸೋಲಿಸಿದಾಗ, ಆ ಲೆಕ್ಕವನ್ನು ಏಪ್ರಿಲಿನಲ್ಲಿಯೇ ಹಾಕಿಟ್ಟುಕೊಂಡಿದ್ದ ಹುಡುಗನೊಬ್ಬ ಆ ಶಾಪಿನಲ್ಲಿದ್ದ. ನಾಲ್ಕು ದಿನಗಳಲ್ಲಿ ಅಹಮದಾಬಾದಿನಲ್ಲಿ ರಾಜಸ್ಥಾನಕ್ಕೆ ಸೋತು ಎಲ್ಲವೂ ಮುಗಿಯಿತು. ಅದನ್ನೂ ಮಾಲೀಕರು ಪಟ್ಟಿಯಲ್ಲಿ ಬರೆದರು.

ಈ ಚೈತ್ರಮಾಸ ಹೊರವಲಯದ ಜನಕ್ಕೆ ಮತ್ತೆ ಯಾವ ಯಾವ ರೀತಿಯಲ್ಲಿ ಬರುತ್ತದೆಂಬುದನ್ನು ನೆನಪಿಡದಿದ್ದರೆ ಈ ಆಶೆಯ ತೂಕ ತಿಳಿಯುವುದಿಲ್ಲ. ಲೆಕ್ಕದ ವರ್ಷ ಮುಗಿಯುವ ಕಾಲವದು: ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಅಪ್ರೈಸಲಿನ ಮಾತು, ಯಾರಿಗೆ ಹೈಕ್, ಯಾರ ಪ್ರಾಜೆಕ್ಟ್ ಮುಗಿದು ಯಾರು ಬೆಂಚಿನ ಮೇಲೆ ಎಂಬ ಆತಂಕ, ಪೀಣ್ಯದಲ್ಲಿ ಮಾರ್ಚ್ ಅಂತ್ಯದ ಡಿಸ್ಪ್ಯಾಚಿನ ಒತ್ತಡ, ಬಾಕಿ ಬಿಲ್ಲುಗಳ ವಸೂಲಿ, ಗುತ್ತಿಗೆಯ ಕೆಲಸಗಾರರಿಗೆ ಗುತ್ತಿಗೆ ಮುಂದುವರಿಯುವುದೋ ಇಲ್ಲವೋ ಎಂಬ ಶಂಕೆ, ಎಲ್ಲ ಮನೆಗಳಲ್ಲಿಯೂ ಶಾಲೆಯ ಫೀಸು. 2024ರ ಮಾರ್ಚಿನಲ್ಲಿ ಇದಕ್ಕೆ ನೀರಿನ ಬವಣೆಯೂ ಸೇರಿತು. ಬೋರ್‌ವೆಲ್ಲುಗಳು ಬತ್ತಿ, ಮಹದೇವಪುರ, ವೈಟ್‌ಫೀಲ್ಡುಗಳ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಮುಂದೆಯೂ ಜನ ಟ್ಯಾಂಕರಿನ ದಾರಿ ಕಾಯುವಂತಾಗಿ, ಸರ್ಕಾರ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಬೇಕಾಯಿತು. ಆ ಮಾರ್ಚಿನ 17ರ ರಾತ್ರಿಯೇ ಸ್ಮೃತಿ ಮಂಧಾನಾ ನಾಯಕಿಯಾಗಿದ್ದ ಮಹಿಳೆಯರ ತಂಡ ದೆಹಲಿಯನ್ನು ಸೋಲಿಸಿ, ಗಂಡಸರು ಅದುವರೆಗೆ ತಾರದಿದ್ದ ಕಪ್ಪನ್ನು ತಮ್ಮ ಎರಡನೆಯ ಋತುವಿನಲ್ಲಿಯೇ ತಂದಿತು. ಕರ್ನಾಟಕದ ಹುಡುಗಿ ಶ್ರೇಯಾಂಕಾ ಪಾಟೀಲ ಹನ್ನೆರಡು ರನ್ನು ಕೊಟ್ಟು ನಾಲ್ಕು ವಿಕೆಟ್ಟು ತೆಗೆದಳು. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಸಂಜೆ ಹೊರಬೀಳುವ ಹೆಣ್ಣುಮಕ್ಕಳ ಗುಂಪಿನಲ್ಲಿ ಮರುದಿನ ಕೇಳಿಬಂದ ಹೆಮ್ಮೆಯ ಮಾತುಗಳು ನನ್ನ ಕಿವಿಯಲ್ಲಿ ಇನ್ನೂ ಇವೆ. ಅಪ್ರೈಸಲಿನ ಫಲ, ಮಳೆಯ ಫಲ, ಗುತ್ತಿಗೆಯ ಫಲಗಳಿಗಾಗಿ ಕಾಯುವವನು ಒಬ್ಬಂಟಿಗನಾಗಿ ಕಾಯುತ್ತಾನೆ. ಅವನ ಆತಂಕವನ್ನು ಪಕ್ಕದವನೊಡನೆ ಹಂಚಿಕೊಳ್ಳುವುದಕ್ಕೂ ಸಂಕೋಚ. ಕಪ್ಪಿಗಾಗಿ ಕಾಯುವವನು ಮಾತ್ರ ಸಾವಿರಾರು ಜನರ ನಡುವೆ ನಿಂತು ಕಾಯುತ್ತಾನೆ.

ಮೀಮಾಂಸಕರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯಗಳೆಂದು ವಿಂಗಡಿಸುತ್ತಾರೆ. ಮಳೆಯನ್ನು ಬಯಸುವವನು ಕಾರೀರಿಯನ್ನು ಮಾಡುತ್ತಾನೆ, ಮಕ್ಕಳನ್ನು ಬಯಸುವವನು ಪುತ್ರಕಾಮೇಷ್ಟಿಯನ್ನು, ಇವು ಕಾಮ್ಯಗಳು. ಸಂಧ್ಯಾವಂದನೆ, ಅಗ್ನಿಹೋತ್ರಗಳು ನಿತ್ಯ. ಇವುಗಳಿಂದ ಹೊಸದೊಂದು ಲಾಭ ದೊರೆಯಲೆಂದು ಯಾರೂ ಮಾಡುವುದಿಲ್ಲ, ಆದರೆ ಬಿಟ್ಟರೆ ದೋಷವುಂಟು. ಕಾಮ್ಯಕರ್ಮಕ್ಕೆ ಎರಡು ಬಗೆಯ ಅಂತ್ಯ: ಫಲ ಬಂದರೆ ಕಾರ್ಯ ತೀರಿತು, ಬಾರದಿದ್ದರೆ ಮಾಡುವವನ ಶ್ರದ್ಧೆ ತೀರಿತು. ನಿತ್ಯಕರ್ಮಕ್ಕೆ ಈ ಎರಡೂ ಇಲ್ಲ. ಸೂರ್ಯನು ಮತ್ತೆ ಹುಟ್ಟಿದೊಡನೆ ಅದು ಮತ್ತೆ ಮೊದಲಾಗುತ್ತದೆ. ಬೆಂಗಳೂರಿನ ಅಭಿಮಾನಿಯ ಆಶೆ 2008ರಲ್ಲಿ ಹುಟ್ಟಿದ್ದು ಕಾಮ್ಯವಾಗಿಯೇ. ಕಪ್ಪು ಬೇಕೆಂದು ಹುಟ್ಟಿತು. ವರ್ಷಗಳು ಕಳೆದಂತೆ, ಸೋಲಿನ ಮೇಲೆ ಸೋಲು ಬಿದ್ದಂತೆ, ಯಾರೂ ಸಂಕಲ್ಪಿಸದೆ, ಯಾರ ಉಪದೇಶವೂ ಇಲ್ಲದೆ ಅದು ನಿತ್ಯವಾಗಿ ಮಾರ್ಪಟ್ಟಿತು ಎಂಬುದು ನನ್ನ ನಂಬಿಕೆ. ಆದರೆ ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಗೀತೆಯ ಯೋಗಿಯಂತೆ ಇವರು ಫಲಾಪೇಕ್ಷೆಯನ್ನು ಬಿಟ್ಟವರಲ್ಲ. ಅಪೇಕ್ಷೆ ಉರಿಯುತ್ತಲೇ ಇದೆ. ಕೊನೆಯ ಓವರಿನಲ್ಲಿ ಅವರ ಮುಖವನ್ನು ನೋಡಿದವರು ಅದನ್ನು ಬಲ್ಲರು. ಫಲಾಪೇಕ್ಷೆ ಪೂರ್ಣವಾಗಿಯೇ ಇದೆ, ಆದರೆ ಅನುಷ್ಠಾನವು ಫಲಾಧೀನವಾಗಿಲ್ಲ. ಇಂತಹದೊಂದು ಸ್ಥಿತಿಯನ್ನು ನಮ್ಮ ಶಾಸ್ತ್ರಕಾರರು ಪ್ರತ್ಯೇಕವಾಗಿ ಹೆಸರಿಸಿದಂತೆ ನನಗೆ ಕಂಡಿಲ್ಲವಾದರೂ, ಸಂಸಾರದಲ್ಲಿ ಇದ್ದುಕೊಂಡೇ ಬಾಳಬೇಕಾದ ನಮ್ಮಂತಹವರಿಗೆ ಸನ್ಯಾಸಿಯ ನಿರಾಶೆಗಿಂತ ಇದು ಹೆಚ್ಚು ಎಟುಕುವ ಧರ್ಮವೆಂದೇ ಹೇಳಬೇಕು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಸುವುದು ಸಲ್ಲದು. ಈ ತಂಡ ದೇವರಲ್ಲ, ಊರಿನ ಆಸ್ತಿಯೂ ಅಲ್ಲ; ಮದ್ಯೋದ್ಯಮಿಯೊಬ್ಬರು 2008ರಲ್ಲಿ ಹನ್ನೊಂದು ಕೋಟಿಗೂ ಮಿಕ್ಕಿದ ಡಾಲರುಗಳಿಗೆ ಕೊಂಡು, ವಿಸ್ಕಿಯೊಂದರ ಹೆಸರನ್ನು ನೆನಪಿಸುವಂತೆ ನಾಮಕರಣ ಮಾಡಿದ ವ್ಯಾಪಾರಸಂಸ್ಥೆ. ಆಟಗಾರರು ಹರಾಜಿನಲ್ಲಿ ಕೈ ಬದಲಾಯಿಸುತ್ತಾರೆ. ಈ ವರ್ಷ ನಮ್ಮವನಾದವನು ಮುಂದಿನ ವರ್ಷ ಎದುರಾಳಿ. ಇಂತಹ ವಸ್ತುವಿನ ಮೇಲೆ ಇಟ್ಟ ನಿಷ್ಠೆ ನಿತ್ಯಕರ್ಮದ ಹೆಸರಿಗೆ ಅರ್ಹವೇ? ವ್ಯಾಪಾರಿಯು ಟಿಕೆಟ್ಟನ್ನೂ ಅಂಗಿಯನ್ನೂ ಮಾರುತ್ತಾನೆಂಬುದು ನಿಜ, ಜಾಹೀರಾತಿನಲ್ಲಿ ಆಶೆಯನ್ನೇ ಮಾರುತ್ತಾನೆಂಬುದೂ ನಿಜ. ಆದರೆ ಮೂವತ್ತು ದಿನ ದುಡಿದು ಸಂಬಳದ ಒಂದು ಅಂಶವನ್ನು ಆ ಅಂಗಿಗೆ ಕೊಟ್ಟವನು ಸೋತ ಮರುದಿನವೂ ಅದನ್ನು ತೊಟ್ಟು ಕಂಪನಿಯ ಬಸ್ಸು ಹತ್ತುತ್ತಾನಲ್ಲ, ಆ ಹತ್ತುವಿಕೆಯನ್ನು ಯಾರೂ ಅವನಿಗೆ ಮಾರಿದ್ದಲ್ಲ. ಅದು ಅವನೇ ಕೂಡಿಸಿದ್ದು. ಇನ್ನು 'ನಮ್ಮ' ತಂಡವೆಂಬ ಮಾತಿಗೆ ಬಂದರೆ, 2008ರಿಂದ ಬೇರೊಂದು ತಂಡಕ್ಕೆ ಹೋಗದೆ ಉಳಿದ ಕೊಹ್ಲಿ ದೆಹಲಿಯವರು, ಗೇಲ್ ಜಮೈಕದವರು, ಡಿವಿಲಿಯರ್ಸ್ ದಕ್ಷಿಣ ಆಫ್ರಿಕದವರು. ಅವರನ್ನು ತಮ್ಮವರೆಂದು ಒಪ್ಪಿದವರಾದರೂ ಯಾರು? 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ವಸತಿಗಾಗಿ ಭೂಮಿ ಕೊಟ್ಟಂದಿನಿಂದ ಹೊರಗಿನಿಂದ ಬಂದವರ ಊರಾಗಿಯೇ ಬೆಳೆದ ವೈಟ್‌ಫೀಲ್ಡಿನಲ್ಲಿ, ಕೋನಪ್ಪನ ಅಗ್ರಹಾರದ ಹೊಲಗಳ ಮೇಲೆ ಕಿಯೋನಿಕ್ಸ್ ಕಟ್ಟಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಇಂದು ರಾಯಚೂರಿನವನೂ ಶ್ರೀಕಾಕುಳದವನೂ ಪಟ್ನಾದವನೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಬಿಹಾರ, ಒಡಿಶಾಗಳಿಂದ ಬಂದ ಹುಡುಗರು ಪೂರ್ತಿ ಬಾಯಿಬಿಟ್ಟು, ತಪ್ಪಾದೀತೆಂಬ ಅಂಜಿಕೆಯಿಲ್ಲದೆ ಹೇಳುವ ಮೊದಲ ಕನ್ನಡ ವಾಕ್ಯ ಅನೇಕ ವೇಳೆ ಕಪ್ ನಮ್ದೇ ಎಂಬುದೇ ಆಗಿರುವುದನ್ನು ನಾನು ಕೇಳಿ ಬಲ್ಲೆ.

ಗೇಬ್ರಿಯಲ್ ಮಾರ್ಸೆಲ್ ಎಂಬ ಫ್ರೆಂಚ್ ದಾರ್ಶನಿಕನು, ತನ್ನ ದೇಶ ಶತ್ರುವಿನ ವಶದಲ್ಲಿದ್ದ ವರ್ಷಗಳಲ್ಲಿ ಬರೆದ ಪ್ರಬಂಧಗಳಲ್ಲಿ, ಬಯಕೆಗೂ ಭರವಸೆಗೂ ಇರುವ ಅಂತರವನ್ನು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾನೆ. ಬಯಕೆ ತನಗಾಗಿ, ಒಂದು ಗೊತ್ತಾದ ವಸ್ತುವಿಗಾಗಿ. ಭರವಸೆಯಾದರೋ ಯಾವಾಗಲೂ ಒಂದು ಸಾಹಚರ್ಯದೊಳಗಿನದು, ಅದನ್ನು ತಾಳುವವನು ತನಗೂ ತನ್ನವರಿಗೂ ಕೂಡಿಯೇ ತಾಳುತ್ತಾನೆ ಎಂಬುದು ಅವನ ಮತ. ಈ ಭೇದವನ್ನು ಇಲ್ಲಿಗೆ ತಂದು ನೋಡಿದರೆ ವಿಷಯ ತಿಳಿಯಾಗುತ್ತದೆ. ಲಾಟರಿಯನ್ನು ಕೊಂಡವನಿಗೆ ಗೆದ್ದರೆ ಹಣ ಬರುತ್ತದೆ. ಕಪ್ಪು ಬಂದರೆ ಪೀಣ್ಯದ ಟರ್ನರನಿಗೆ ಏನು ಬರುತ್ತದೆ? ಅದನ್ನು ಅವನು ಮುಟ್ಟಲಾರ. ಬಹುಶಃ ಕ್ರೀಡಾಂಗಣದ ಒಳಗನ್ನೇ ಕಂಡಿರಲಾರ. ಬರುವುದೆಲ್ಲವೂ ಪಕ್ಕದವನೊಡನೆ ಹಂಚಿಕೊಂಡಾಗ ಮಾತ್ರ ಬರುವಂಥದು.

ಅಮೆರಿಕದವರ ಬೇಸ್‌ಬಾಲ್ ಆಟವೂ ವಸಂತದಲ್ಲಿಯೇ ಮೊದಲಾಗುತ್ತದೆ. ಹಿಮ ಕರಗುವ ಮುನ್ನವೇ ಆಟಗಾರರು ಫ್ಲಾರಿಡಾ, ಅರಿಜೋನಾಗಳ ಬಿಸಿಲಿನಲ್ಲಿ ಅಭ್ಯಾಸಕ್ಕೆ ಕೂಡುತ್ತಾರೆ. ಅಷ್ಟರಿಂದಲೇ ಅಭಿಮಾನಿಗಳಿಗೆ ಸಂವತ್ಸರ ತಿರುಗಿತೆಂಬ ಭಾವನೆ. ಬ್ರೂಕ್ಲಿನ್ನಿನ ತಂಡ 1941ರಿಂದ 1953ರೊಳಗೆ ಐದು ಸಲ ನೆರೆಯ ಯಾಂಕೀಗಳಿಗೆ ಅಂತಿಮ ಸ್ಪರ್ಧೆಯಲ್ಲಿ ಸೋತು, ಪ್ರತಿ ಶರತ್ಕಾಲದಲ್ಲಿಯೂ ಅಲ್ಲಿನ ಜನ ಮುಂದಿನ ವರ್ಷ ನೋಡೋಣವೆಂದು ಹೇಳಿಕೊಂಡು, ಕಡೆಗೆ 1955ರಲ್ಲಿ ಗೆದ್ದರು. ಮತ್ತೆರಡು ಋತುಗಳಲ್ಲಿ ಮಾಲೀಕರು ತಂಡವನ್ನೇ ಲಾಸ್ ಏಂಜಲಿಸಿಗೆ ಸಾಗಿಸಿಬಿಟ್ಟರು. ಬಾಸ್ಟನ್ನಿನವರು 1918ರಿಂದ 2004ರವರೆಗೆ ಎಂಬತ್ತಾರು ವರ್ಷ ಕಾದರು, ಶಿಕಾಗೋದ ಕಬ್ಸ್ ತಂಡದವರು 1908ರಿಂದ 2016ರವರೆಗೆ ನೂರೆಂಟು. ಬಾಸ್ಟನ್ ಗೆದ್ದಾಗ ಜನ ತಂಡದ ಪತಾಕೆಗಳನ್ನು ಕೊಂಡುಹೋಗಿ ತಮ್ಮ ತಂದೆತಾತಂದಿರ ಸಮಾಧಿಗಳ ಮೇಲೆ ಇಟ್ಟರು. ಶಿಕಾಗೋದಲ್ಲಿ ಕ್ರೀಡಾಂಗಣದ ಹೊರಗೋಡೆಯ ಇಟ್ಟಿಗೆಗಳ ಮೇಲೆ, ಈ ದಿನವನ್ನು ಕಾಣದೆ ಹೋದ ಬಂಧುಗಳ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದು ತುಂಬಿಸಿದರು. ಫಲ ಬಂದ ಘಳಿಗೆಯಲ್ಲಿ ಅವರಿಗೆ ಮೊದಲು ನೆನಪಾದದ್ದು ಫಲವಿಲ್ಲದೆ ಕಾದು ಹೋದವರು. ಕಾಮ್ಯವಾಗಿ ಕಾದವನಿಗೆ ಈ ನೆನಪು ಬರುವುದು ಸಾಧ್ಯವಿಲ್ಲ.

ನಮಗೆ ಆ ಘಳಿಗೆ 2025ರ ಜೂನ್ 3ರ ರಾತ್ರಿ ಬಂತು. ಅಹಮದಾಬಾದಿನಲ್ಲಿ ರಜತ್ ಪಾಟೀದಾರರ ತಂಡ 190 ಗಳಿಸಿ ಪಂಜಾಬನ್ನು 184ಕ್ಕೆ ತಡೆಯಿತು. ಅಂತರ ಆರು ರನ್ನು. ಜೋಹಾನೆಸ್‌ಬರ್ಗ್‌ನಲ್ಲಿ ಎಷ್ಟರಿಂದ ಕಳೆದುಕೊಂಡಿದ್ದೆವೋ ಅಷ್ಟರಿಂದಲೇ ದೊರಕಿತು. ಕೊನೆಯ ಓವರು ಮುಗಿಯುವ ಮೊದಲೇ ಕೊಹ್ಲಿಯ ಕಣ್ಣು ತುಂಬಿದ್ದುದನ್ನು ದೇಶವೇ ನೋಡಿತು. ಆ ರಾತ್ರಿ ಹೆಸರಘಟ್ಟ ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಯಾವ ಬಡಾವಣೆಯೂ ಮಲಗಲಿಲ್ಲ.

ಮರುದಿನದ ವಿಷಯವನ್ನು ಬರೆಯದೆ ಈ ವಿಚಾರವನ್ನು ಮುಗಿಸುವುದು ಅಪ್ರಾಮಾಣಿಕವಾಗುತ್ತದೆ. ಜೂನ್ 4ರಂದು ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸನ್ಮಾನ, ಅನಂತರ ಕ್ರೀಡಾಂಗಣದಲ್ಲಿ ಉತ್ಸವ. ಸುಮಾರು 35,000 ಜನ ಹಿಡಿಸುವ ಆ ಸ್ಥಳದ ಸುತ್ತಮುತ್ತ ಎರಡು ಮೂರು ಲಕ್ಷ ಜನ ಕೂಡಿದ್ದರೆಂದು ಮುಖ್ಯಮಂತ್ರಿಗಳೇ ಹೇಳಿದರು. ದ್ವಾರಗಳ ಬಳಿ ಉಂಟಾದ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಮಡಿದರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರು ಬಹುಮಟ್ಟಿಗೆ ಎಳೆಯ ವಯಸ್ಸಿನವರು. ಹುಚ್ಚು ಅಭಿಮಾನವೇ ಅವರನ್ನು ಕೊಂದಿತೆಂದು ಆಗ ಕೆಲವರು ಆಡಿದ ಮಾತು ನನಗೆ ಇಂದಿಗೂ ನೋವನ್ನುಂಟುಮಾಡುತ್ತದೆ. ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟಾಗ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಎಷ್ಟು ಜನ ಸೇರುತ್ತಾರೆ! ಅಲ್ಲಿ ವೀರಕುಮಾರರು ಎಲ್ಲಿ ನಿಲ್ಲಬೇಕು, ಕರಗ ಯಾವ ದಾರಿಯಲ್ಲಿ ಯಾರ ಮನೆಯ ಮುಂದೆ ನಿಲ್ಲಬೇಕು, ಮಸ್ತಾನ್ ಸಾಹೇಬರ ದರ್ಗಾಕ್ಕೆ ಯಾವಾಗ ಹೋಗಬೇಕು ಎಂಬುದಕ್ಕೆಲ್ಲ ತಲೆಮಾರುಗಳಿಂದ ಬಂದ ವಿಧಿಯುಂಟು. ಸೋಲನ್ನು ಹೇಗೆ ಸ್ವೀಕರಿಸಬೇಕೆಂಬ ವಿಧಿ ನಮ್ಮ ಜನಕ್ಕೆ ಹದಿನೇಳು ವರ್ಷಗಳ ಅಭ್ಯಾಸದಿಂದ ಬಂದಿತ್ತು; ಗೆಲುವಿಗೆ ವಿಧಿಯೇ ಇರಲಿಲ್ಲ. ಅದನ್ನು ಯೋಚಿಸಿ ಏರ್ಪಡಿಸಬೇಕಾಗಿದ್ದವರು ಒಂದು ಹಗಲಿನಷ್ಟೂ ತಾಳ್ಮೆ ತೋರಲಿಲ್ಲ. ಹದಿನೇಳು ವರ್ಷ ಕಾದ ಜನ ಇನ್ನೂ ಹದಿನೇಳು ದಿನ ಸಂತೋಷದಿಂದ ಕಾಯುತ್ತಿದ್ದರು. ಅವರ ಕಾಯುವ ಶಕ್ತಿಯನ್ನು ಯಾರೂ ನಂಬಲಿಲ್ಲವೆಂಬುದೇ ನನ್ನ ದೂರು.

ಅದರ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಆ ವರ್ಷ ಮಹಾರಾಜ ಟ್ರೋಫಿ ಪಂದ್ಯಾವಳಿ ಮೈಸೂರಿಗೆ ಹೋಯಿತು. ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಮಹಿಳೆಯರ ವಿಶ್ವಕಪ್ ಪಂದ್ಯಗಳಲ್ಲಿ ಕೆಲವು ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ಪನ್ನು ಎತ್ತಿದ್ದು ಅಲ್ಲಿಯೇ.

ಫಲ ಕೈಸೇರಿದ ಮೇಲೆ, ಅದರ ಜೊತೆಗೆ ಇಂತಹ ಶೋಕವೂ ಕೂಡಿಬಂದ ಮೇಲೆ, ಮುಂದಿನ ಚೈತ್ರದಲ್ಲಿ ಈ ಆಶೆ ಏನಾಗುತ್ತದೆ? ಪೀಣ್ಯದ ಆ ಶಾಪಿಗೆ ಹೋಗಿ ಮಾಲೀಕರನ್ನೇ ಕೇಳಿದೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ಕೊನೆಯ ಸಾಲಿಗೆ ಸರಿ ಗುರುತು ಬಿದ್ದಿತ್ತು. ಅದರ ಕೆಳಗೆ ಅದೇ ಮಾರ್ಕರಿನಿಂದ 11 ಎಂದು ಬರೆದಿತ್ತು, ಮತ್ತೇನೂ ಇರಲಿಲ್ಲ. ಕಪ್ಪು ಬಂದಾಯಿತಲ್ಲ, ಇನ್ನು ಮೊದಲಿನ ಹಾಗೆ ನೋಡುತ್ತೀರಾ ಎಂದೆ. ಅವರು ಕೈಯ ಎಣ್ಣೆಯನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿಕೊಳ್ಳುತ್ತ, "ಈಗ ಬಿಟ್ಟುಬಿಟ್ರೆ ಇಷ್ಟು ವರ್ಷ ಬರೀ ಕಪ್ಪಿಗೋಸ್ಕರ ನೋಡ್ದಂಗಾಗುತ್ತೆ ಸಾರ್" ಎಂದರು. ಹತ್ತನೆಯ ತರಗತಿಯ ಅವರ ಮಗಳು ಬಾಕಿ ಬಿಲ್ಲುಗಳನ್ನು ಬರೆದುಕೊಡಲು ಬಂದು ಕುಳಿತಿದ್ದಳು. "ಅಪ್ಪಾ, ಈ ಸಲ ಒಂದು ಮ್ಯಾಚಿಗಾದ್ರೂ ಕರ್ಕೊಂಡು ಹೋಗಪ್ಪ" ಎಂದು ಅವಳು ಕೇಳಿದಾಗ ಅವರು ಬೇಗನೆ ಉತ್ತರ ಕೊಡಲಿಲ್ಲ. ಯಂತ್ರದ ಕಡೆಗೆ ಹೋಗಿ ಚಕ್ಕನ್ನು ಬಿಗಿದು, ಹಿಂದಿರುಗಿ ಬಂದು, ಟಿಕೆಟ್ ಮೊದಲೇ ಕೈಗೆ ಬರಬೇಕು, ಯಾವ ಗೇಟು ಎಂದು ಅದರಲ್ಲಿ ಬರೆದಿರಬೇಕು, ಮೆಟ್ರೋದಲ್ಲಿ ಮೂರು ಗಂಟೆ ಮೊದಲೇ ಹೋಗಿ ಕೂರೋಣ, ಮುಗಿದ ಮೇಲೆ ಎಲ್ಲರೂ ಹೋಗುವವರೆಗೂ ಸೀಟು ಬಿಟ್ಟು ಏಳುವ ಹಾಗಿಲ್ಲ ಎಂದು ಒಂದೊಂದಾಗಿ ಹೇಳತೊಡಗಿದರು. ಮಗಳು ಬಿಲ್ಲಿನ ಪುಸ್ತಕವನ್ನು ತಿರುಗಿಸಿ, ಹಿಂದಿನ ಹಾಳೆಯಲ್ಲಿ ಅದನ್ನೆಲ್ಲ ಬರೆದುಕೊಂಡಳು.